ನೀರು ತರಲು ಹೋದವರು

ಯಾರಾದರೂ "ಈಗ ಬಂದೆ" ಎಂದು ಎದ್ದು ಹೋದರೆ ಅವರು ತಿರುಗಿ ಬರುವವರೆಗೆ ನನಗೆ ಸಮಾಧಾನವಿಲ್ಲ. ಹೆಂಡತಿ ಪಕ್ಕದ ಅಂಗಡಿಗೆ ಉಪ್ಪು ತರಲು ಹೋದರೂ ಎರಡು ಸಲ ಕಿಟಕಿಯಲ್ಲಿ ಇಣುಕುತ್ತೇನೆ. "ನಾನೆಂತ ಕಾಶಿಗೆ ಹೋದದ್ದಾ?" ಎಂದು ಅವಳು ನಗುತ್ತಾಳೆ. ಈ ಕಾಯಿಲೆ ನನಗೆ ಕಾಪುವಿನ ಶಾಲೆಯಲ್ಲಿ ಹದಿಮೂರು ವರ್ಷ ಜೊತೆಗಿದ್ದ ಡ್ರಿಲ್ ಮಾಸ್ಟ್ರಿಂದ ಅಂಟಿದ್ದು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರ ಮಗಳನ್ನು ಕೇಳಿದ್ದೆ. "ಬರೆಯುವುದಾದರೆ ಬರೆಯಿರಿ ಸರ್, ಹೆಸರು ಮಾತ್ರ ಬೇಡ" ಎಂದಳು. ಸರಿ ಎಂದೆ. ಅವರ ವಿಷಯದಲ್ಲಿ ಇನ್ನೊಬ್ಬರ ಮಾತು ಕೇಳಿಕೊಂಡು ನಡೆಯುವುದು ನನಗೆ ಕ್ಷೇಮ ಎಂದು ಅನುಭವ ಕಲಿಸಿದೆ.

ಐವತ್ತರ ದಶಕದ ನಡುವಿನಲ್ಲಿ ನಾನು ಕನ್ನಡ ಪಂಡಿತನಾಗಿ ಆ ಶಾಲೆಗೆ ಸೇರಿದಾಗ ಅವರಿಗೆ ಮೂವತ್ತೈದರ ಹತ್ತಿರ. ಮಹಾಯುದ್ಧದ ಕಾಲದಲ್ಲಿ ಬರ್ಮಾ ಗಡಿಯಲ್ಲಿ ಗಾಯಾಳುಗಳನ್ನು ಹೊರುವ ಪಡೆಯಲ್ಲಿದ್ದು ಬಂದವರು. ಖಾಕಿ ಚಡ್ಡಿಗೆ ತಾವೇ ಗಂಜಿ ಹಾಕಿ, ಕರಟದ ಕೆಂಡ ತುಂಬಿದ ಇಸ್ತ್ರಿಪೆಟ್ಟಿಗೆಯಲ್ಲಿ ತಾವೇ ಇಸ್ತ್ರಿ ಮಾಡಿಕೊಂಡು ಬರುತ್ತಿದ್ದರು. ಕೂತರೆ ಮಡಿಕೆ ಕೆಡುತ್ತದೆ ಎಂದು ಅಧ್ಯಾಪಕರ ಕೋಣೆಯಲ್ಲಿ ನಿಂತೇ ಇರುತ್ತಿದ್ದರು. ಯುದ್ಧದ ಕತೆ ಹೇಳಿ ಎಂದು ನಾವು ಎಷ್ಟು ಸಲ ಪೀಡಿಸಿದರೂ ಅವರದು ಒಂದೇ ಉತ್ತರ. "ಸೊಳ್ಳೆ ಬಹಳ ಇತ್ತು."

ಅವರು ಕ್ರೈಸ್ತರ ಕೊಂಕಣಿಯವರು, ನಾನು ಕಾಮತರ ಕೊಂಕಣಿಯವನು. ಮೊದಲ ದಿನವೇ ನಾನು ನನ್ನ ಕೊಂಕಣಿಯಲ್ಲಿ ಮಾತು ತೆಗೆದೆ. ಅವರು ತಾಳ್ಮೆಯಿಂದ ಕೇಳಿ, "ಪಂಡಿತರೆ, ನಿಮ್ಮದೂ ನನ್ನದೂ ಜಗಳಾಡುವುದು ಬೇಡ. ಕನ್ನಡದಲ್ಲೇ ಇರುವ" ಎಂದರು. ಕೊನೆಯವರೆಗೂ ಹಾಗೆಯೇ ಇದ್ದೆವು.

ಅವರಲ್ಲಿ ವಿಚಿತ್ರವಾದದ್ದು ಒಂದಿತ್ತು. ಎಲ್ಲಿಂದ ಹೊರಡುವಾಗಲೂ "ಹೋಗ್ತೇನೆ" ಎನ್ನುತ್ತಿದ್ದರು. ನಮ್ಮ ಕಡೆ ಸಾವಿನ ಮನೆಯಲ್ಲಿ ಬಿಟ್ಟರೆ ಯಾರೂ ಹಾಗೆ ಹೇಳುವುದಿಲ್ಲ. ಎಷ್ಟು ದೂರ ಹೋಗುವವರಾದರೂ "ಬರ್ತೇನೆ" ಎಂದೇ ಹೊರಡುತ್ತಾರೆ. ನಮ್ಮ ಮನೆಗೆ ಮೊದಲ ಸಲ ಬಂದವರು ಚಾ ಕುಡಿದು "ಹೋಗ್ತೇನೆ ಅಕ್ಕ" ಎಂದಾಗ ನನ್ನ ಹೆಂಡತಿಗೆ ಸಿಟ್ಟು ಬಂತು.

"ಬರ್ತೇನೆ ಅನ್ನಿ ಮಾರಾಯ್ರೆ. ದೀಪ ಹಚ್ಚುವ ಹೊತ್ತಿಗೆ ಎಂತ ಮಾತು ಇದು?"

"ಬರುವುದು ನಮ್ಮ ಕೈಯಲ್ಲಿ ಇಲ್ಲ ಅಕ್ಕ. ಹೋಗುವುದು ಮಾತ್ರ ಗೊತ್ತುಂಟು."

ಸೈನ್ಯದವರ ತಮಾಷೆ ಇರಬೇಕೆಂದು ನಾವು ಸುಮ್ಮನಾದೆವು.

ಅವರಿಗೆ ಒಬ್ಬಳೇ ಮಗಳು, ಸಿಸಿಲಿಯಾ. ಅವಳಿಗೆ ಐದು ವರ್ಷವಾಗಿದ್ದಾಗ ತಾಯಿ ತೀರಿಕೊಂಡಿದ್ದರು. ಇನ್ನೊಂದು ಮದುವೆ ಮಾಡಿಕೊಳ್ಳಿ ಎಂದು ನೆಂಟರು ಹೇಳಿ ಹೇಳಿ ಸೋತಿದ್ದರು. ಸಲಹೆ ಕೊಡುವುದರಲ್ಲಿ ನಾನೂ ಹಿಂದೆ ಬೀಳುವವನಲ್ಲ, ಒಂದೆರಡು ಸಲ ಹೇಳಿ ನೋಡಿದ್ದೆ. ಅವರು ಮಗಳ ಜಡೆ ಹಾಕುವುದನ್ನು ನೋಡಿದ ಮೇಲೆ ಆ ಮಾತು ಬಿಟ್ಟೆ. ಮೊದಮೊದಲು ಅವರ ಜಡೆ ಎಷ್ಟು ಬಿಗಿ ಎಂದರೆ ಹುಡುಗಿಯ ಹುಬ್ಬು ಮೇಲಕ್ಕೆ ಎಳೆದುಕೊಂಡು, ದಿನವಿಡೀ ಏನನ್ನೋ ಕಂಡು ಬೆರಗಾದವಳ ಹಾಗೆ ಇರುತ್ತಿದ್ದಳು. ಅದನ್ನು ನೋಡಲಾರದೆ ನನ್ನ ಹೆಂಡತಿ ಒಂದು ಆದಿತ್ಯವಾರ ಅವರನ್ನು ಕರೆದು ಪಾಠ ಮಾಡಿದಳು. ಆಮೇಲೆ ಅವರ ಮನೆಗೆ ಹೋದಾಗ ನೋಡುತ್ತೇನೆ, ಕಿಟಕಿಯ ಸರಳಿಗೆ ತೆಂಗಿನ ನಾರಿನ ಮೂರು ಹಗ್ಗ ಕಟ್ಟಿಕೊಂಡು, ನಾಲಿಗೆ ಹೊರಗೆ ಹಾಕಿ, ಡ್ರಿಲ್ ಮಾಸ್ಟ್ರು ಸಡಿಲ ಜಡೆ ಹೆಣೆಯುವ ಅಭ್ಯಾಸ ಮಾಡುತ್ತಿದ್ದಾರೆ. ನನ್ನನ್ನು ಕಂಡು ಎದ್ದು ನಿಂತರು. "ಶಾಲೆಯಲ್ಲಿ ಹೇಳಬೇಡಿ ಪಂಡಿತರೆ." ನಾನು ಹೇಳಲಿಲ್ಲ ಎಂದರೆ ಸುಳ್ಳಾಗುತ್ತದೆ. ಮರುದಿನ ಹತ್ತು ಗಂಟೆಯೊಳಗೆ ಹೇಳಿಯಾಗಿತ್ತು.

ಹುಡುಗಿ ದೊಡ್ಡವಳಾದ ದಿನ ಅವರು ನಮ್ಮ ಜಗಲಿಗೆ ಬಂದು ಒಳಗೂ ಬಾರದೆ, ಹೊರಗೂ ಹೋಗದೆ, ಟೊಪ್ಪಿ ತಿರುಗಿಸುತ್ತಾ ನಿಂತರು. ನನ್ನ ಹೆಂಡತಿ ಒಂದೇ ನೋಟದಲ್ಲಿ ತಿಳಿದುಕೊಂಡು, ಸೆರಗು ಸಿಕ್ಕಿಸಿ ಅವರ ಮನೆಗೆ ನಡೆದಳು. ಅವಳು ತಿರುಗಿ ಬರುವವರೆಗೆ ಅವರು ನಮ್ಮ ಮೆಟ್ಟಿಲ ಮೇಲೆ ಕೂತಿದ್ದರು. ಚಡ್ಡಿಯ ಮಡಿಕೆಯ ಯೋಚನೆ ಆವತ್ತು ಇರಲಿಲ್ಲ.

ಡ್ರಿಲ್ ತರಗತಿಯಲ್ಲಿ ಅವರು ಕಠಿಣ, ಆದರೆ ಒಂದು ವಿಷಯದಲ್ಲಿ ಮೃದು. ಅರ್ಧ ಗಂಟೆಗೊಮ್ಮೆ ಎಲ್ಲವನ್ನೂ ನಿಲ್ಲಿಸಿ ಮಕ್ಕಳಿಗೆ ನೀರು ಕುಡಿಸುತ್ತಿದ್ದರು. ಬಾವಿಯಿಂದ ಕೊಡಪಾನ ತಾವೇ ಹೊತ್ತು ತರುತ್ತಿದ್ದರು. ಅದು ತನ್ನ ಕೆಲಸ ಎಂದು ಶಾಲೆಯ ಜವಾನನಿಗೆ ಅವಮಾನವಾಗಿ, ಅವನು ಹೆಡ್‌ಮಾಸ್ಟ್ರಲ್ಲಿ ದೂರು ಕೊಟ್ಟದ್ದೂ ಉಂಟು. ಒಮ್ಮೆ ಮಕ್ಕಳನ್ನು ಕಾರ್ಕಳದ ಗುಡ್ಡಕ್ಕೆ ಪ್ರವಾಸ ಕರೆದುಕೊಂಡು ಹೋಗಿದ್ದೆವು. ಇಳಿದು ಬಂದು ಬಸ್ಸು ಹತ್ತುವಾಗ ಒಂದು ತಲೆ ಕಡಿಮೆ. ಆರನೇ ತರಗತಿಯ ಒಬ್ಬಳು, ಚಪ್ಪಲಿಯ ಬಾರು ಕಿತ್ತುಹೋಗಿ ಮೇಲೆಯೇ ಕೂತುಬಿಟ್ಟಿದ್ದಳು. ಅವರು ಆ ಬಂಡೆಯ ಮೆಟ್ಟಿಲುಗಳನ್ನು ಓಡಿ ಹತ್ತಿದರು. ಅವಳನ್ನು ಹೆಗಲ ಮೇಲೆ ಹೊತ್ತು ಇಳಿದಾಗ ಅವರ ಮುಖದಲ್ಲಿ ರಕ್ತವಿರಲಿಲ್ಲ. ಕಾಪು ಮುಟ್ಟುವವರೆಗೆ ಆ ಮಗುವಿನ ಕೈ ಬಿಡಲಿಲ್ಲ. ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಹೆದರಿಕೆ ಏಕೆ ಎಂದು ನಾನು ಬೇರೆಯವರ ಹತ್ತಿರ ನಕ್ಕಿದ್ದೆ.

ಇಗರ್ಜಿಯ, ಎಂದರೆ ಅವರ ಚರ್ಚಿನ, ವಿಷಯಕ್ಕೆ ಬರುತ್ತೇನೆ. ನಮ್ಮ ಬಾಡಿಗೆ ಮನೆ ಇಗರ್ಜಿಗೆ ಹೋಗುವ ದಾರಿಯಲ್ಲಿತ್ತು. ಆದಿತ್ಯವಾರ ಬೆಳಿಗ್ಗೆ ಗಂಟೆ ಹೊಡೆಯುವ ಮೊದಲೇ ಬಿಳಿ ಪ್ಯಾಂಟು, ಕಪ್ಪು ಕೋಟು ಹಾಕಿಕೊಂಡು, ಮಗಳ ಕೈ ಹಿಡಿದು ಅವರು ಹೋಗುವುದು ಕಾಣುತ್ತಿತ್ತು. ಮಳೆ, ಜ್ವರ, ಯಾವುದೂ ಅವರನ್ನು ತಡೆಯಲಿಲ್ಲ. ಮನೆಯಲ್ಲಿ ಪ್ರತಿ ಸಂಜೆ ಅಪ್ಪ ಮಗಳು ಮೊಣಕಾಲೂರಿ ಜಪಸರ ಹಿಡಿದು ಪ್ರಾರ್ಥನೆ ಮಾಡುತ್ತಿದ್ದರು. ಇಷ್ಟೆಲ್ಲ ಇದ್ದೂ, ಪೂಜೆಯ ನಡುವೆ ಎಲ್ಲರೂ ಸಾಲಾಗಿ ಹೋಗಿ ಪಾದ್ರಿಗಳಿಂದ ಪ್ರಸಾದ ನಾಲಿಗೆಯ ಮೇಲೆ ತೆಗೆದುಕೊಳ್ಳುವಾಗ ಅವರು ಮಾತ್ರ ಹಿಂದಿನ ಬಾಗಿಲ ಹತ್ತಿರ ಮೊಣಕಾಲೂರಿ ತಲೆ ತಗ್ಗಿಸಿಕೊಂಡೇ ಇರುತ್ತಿದ್ದರಂತೆ. ದೊಡ್ಡ ಪಾಪ ಬಾಕಿ ಇರುವವರು ಹಾಗೆ ದೂರ ಉಳಿಯುವುದಂತೆ. ಅದನ್ನು ನನಗೆ ಹೇಳಿದವರು ಅದೇ ಇಗರ್ಜಿಗೆ ಹೋಗುವ ಪಕ್ಕದ ಮನೆಯ ಬಾಯಮ್ಮ. "ಬರ್ಮಾದಲ್ಲಿ ಇನ್ನೊಂದು ಸಂಸಾರ ಇರಬೇಕು ಪಂಡಿತರೆ" ಎಂದು ಗುಟ್ಟಾಗಿ ಸೇರಿಸಿದ್ದರು. ಊರಿಗೆ ಊರೇ ಹಾಗೆ ತೀರ್ಮಾನಿಸಿತ್ತು.

ಪ್ರಸಾದಕ್ಕೆ ಏಕೆ ಹೋಗುವುದಿಲ್ಲ ಎಂದು ಒಮ್ಮೆ ನಾನೇ ಕೆಣಕಿದೆ. ಅವರು ಸಿಟ್ಟಾಗಲಿಲ್ಲ. "ನನಗೆ ಒಂದು ಕೆಲಸ ಬಾಕಿ ಉಂಟು ಪಂಡಿತರೆ. ಅದು ಆಗದೆ ಅಲ್ಲಿಗೆ ಹೋಗುವ ಹಾಗೆ ಇಲ್ಲ" ಎಂದರು. ಎಂತ ಕೆಲಸ ಎಂದು ಕೇಳುವಷ್ಟರಲ್ಲಿ ಗಂಟೆಯಾಯಿತು.

ವರ್ಷಕ್ಕೆ ಒಂದೇ ಒಂದು ದಿನ ಅವರು ರಜೆ ಹಾಕುತ್ತಿದ್ದರು. ಆ ದಿನ ಉಡುಪಿಯಲ್ಲಿ ಬಸ್ಸು ಬದಲಿಸಿ, ಹಿರಿಯಡ್ಕದ ಮೇಲೆ ಕಾರ್ಕಳಕ್ಕೆ ಹೋಗುತ್ತಿದ್ದರು. ಅವರ ಜೊತೆಗೇ ಸೈನ್ಯ ಸೇರಿದ್ದ ಕಾರ್ಕಳದ ಗೆಳೆಯನೊಬ್ಬ ಬರ್ಮಾದ ಕಾಡಿನಲ್ಲಿ ಸತ್ತಿದ್ದ. ಅವನ ತಾಯಿ ಪ್ರತಿ ವರ್ಷ ಆ ದಿನ ಇಗರ್ಜಿಯಲ್ಲಿ ಮಗನ ಆತ್ಮಕ್ಕಾಗಿ ಪೂಜೆ ಮಾಡಿಸಿ, ಮನೆಯಲ್ಲಿ ಊಟ ಹಾಕುತ್ತಿದ್ದರು. ಮಗನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಬಾಯಿಗೆ ನೀರು ಬಿಟ್ಟು, ಕಿವಿಯಲ್ಲಿ ಪ್ರಾರ್ಥನೆ ಹೇಳಿ, ಮಣ್ಣು ಮಾಡಿ ಶಿಲುಬೆ ನೆಟ್ಟು ಬಂದವರು ಎಂದು ಡ್ರಿಲ್ ಮಾಸ್ಟ್ರಿಗೆ ಆ ಮನೆಯಲ್ಲಿ ಮೊದಲ ಎಲೆ. ತಾಯಿ ಎದುರು ಕೂತು ಬಡಿಸುತ್ತಿದ್ದರಂತೆ. ಅಲ್ಲಿಂದ ಬಂದ ಮರುದಿನ ಅವರು ಶಾಲೆಯಲ್ಲಿ ಏನೂ ತಿನ್ನುತ್ತಿರಲಿಲ್ಲ. "ಹೊಟ್ಟೆ ಸರಿ ಇಲ್ಲ" ಎನ್ನುತ್ತಿದ್ದರು. ನಿನ್ನೆ ಜಾಸ್ತಿ ಹೊಡೆದಿರಬೇಕು ಎಂದು ನಾವು ತಮಾಷೆ ಮಾಡುತ್ತಿದ್ದೆವು.

ಸಿಸಿಲಿಯಾಳಿಗೆ ಹದಿನೆಂಟು ತುಂಬಿದ ವರ್ಷ ಅವಳನ್ನೂ ಆ ಊಟಕ್ಕೆ ಕರೆದುಕೊಂಡು ಹೋಗಿದ್ದರು. ಆ ತಾಯಿಗೆ ಹುಡುಗಿ ಹಿಡಿಸಿಬಿಟ್ಟಳು. ಸತ್ತವನ ತಮ್ಮ, ಮನೆಯ ಕೊನೆಯ ಮಗ, ಉಡುಪಿಯ ಒಂದು ಮುದ್ರಣಾಲಯದಲ್ಲಿ ಅಕ್ಷರ ಜೋಡಿಸುವ ಕೆಲಸದಲ್ಲಿದ್ದ. ಒಳ್ಳೆಯ ಹುಡುಗ. ಸಿಸಿಲಿಯಾಳಿಗೂ ಇಷ್ಟವಾಯಿತು, ಅದು ಅವಳ ಮುಖದಲ್ಲೇ ಕಾಣುತ್ತಿತ್ತು. ಮಾತುಕತೆ ಮುಗಿಯಿತು. ಅವರಲ್ಲಿ ಮದುವೆಗೆ ಮೊದಲು ಮೂರು ಆದಿತ್ಯವಾರ ಇಗರ್ಜಿಯಲ್ಲಿ ಹುಡುಗ ಹುಡುಗಿಯ ಹೆಸರು ಓದುತ್ತಾರೆ. ಈ ಮದುವೆಗೆ ಅಡ್ಡಿ ಇರುವುದು ಯಾರಿಗಾದರೂ ಗೊತ್ತಿದ್ದರೆ ಮುಂದೆ ಬಂದು ಹೇಳಬೇಕು ಎಂದು ಪಾದ್ರಿಗಳು ಕೇಳುತ್ತಾರೆ.

ಮೊದಲ ಸಲ ಹೆಸರು ಓದಿದ ಆ ಆದಿತ್ಯವಾರ ಮಧ್ಯಾಹ್ನ ಅವರು ನಮ್ಮ ಮನೆಗೆ ಬಂದರು. ಕೋಟು ಹಾಗೆಯೇ ಇತ್ತು. ನನ್ನ ಹೆಂಡತಿ ಚಾ ಇಟ್ಟು ಒಳಗೆ ಹೋದಳು.

"ಹೇಳಿ ಅಂತ ಪಾದ್ರಿಗಳು ಕೇಳಿದರು ಪಂಡಿತರೆ. ನಾನು ಹಿಂದೆ ಕೂತಿದ್ದೆ. ನನ್ನ ಬಾಯಿ ಏಳಲಿಲ್ಲ."

"ಎಂತ ಹೇಳುವುದು?"

"ಅವನು ನನ್ನ ತೊಡೆಯ ಮೇಲೆ ಸತ್ತದ್ದಲ್ಲ. ನಾನು ಅವನನ್ನು ಬಿಟ್ಟು ಬಂದದ್ದು."

ಆಮೇಲೆ ನಡೆದದ್ದನ್ನು ಹೇಳಿದರು. ಇಪ್ಪತ್ತು ವರ್ಷ ಸೊಳ್ಳೆಯ ಹೊರತು ಬೇರೆ ಮಾತಿಲ್ಲದವರು ಕಾಲು ಗಂಟೆಯಲ್ಲಿ ಎಲ್ಲ ಹೇಳಿಬಿಟ್ಟರು. ಗೆಳೆಯನ ಹೊಟ್ಟೆಗೆ ಗುಂಡು ತಗಲಿತ್ತು. ಒಂದು ಮರದ ಬುಡದಲ್ಲಿ ಅವನನ್ನು ಮಲಗಿಸಿದ್ದರು. ಅವನು ನೀರು ಕೇಳಿದ. ಬಾಟಲಿಯಲ್ಲಿ ಇರಲಿಲ್ಲ. "ಬರ್ತೇನೆ" ಎಂದು ಹೇಳಿ ಇವರು ಕೆಳಗಿನ ತೊರೆಗೆ ಹೋದರು. ಬಾಟಲಿ ತುಂಬುವಾಗ ಗುಂಡಿನ ಮಳೆ ಶುರುವಾಯಿತು. ಪಡೆ ಆಚೆ ದಡದಿಂದ ಹಿಂದಕ್ಕೆ ಸರಿಯುತ್ತಿತ್ತು. ಇವರೂ ಅದರ ಜೊತೆ ಓಡಿದರು.

"ಎಷ್ಟು ದೂರ ಗೊತ್ತುಂಟಾ? ನಮ್ಮ ಶಾಲೆಯ ಬಾವಿಯಿಂದ ಬಾವುಟದ ಕಂಬದಷ್ಟು. ಅವನು ಕಾಣ್ತಾ ಇದ್ದ. ಬೇಗ ಬಾ ಅಂದಿದ್ದ. ನಾನು ಓಡಿದೆ. ಸಂಜೆ ಒಂದು ಕಡೆ ನಿಂತಾಗ ನೋಡಿದರೆ ಬಾಟಲಿ ಕೈಯಲ್ಲೇ ಉಂಟು, ತುಂಬಿ ಉಂಟು."

ಸೈನ್ಯದಿಂದ ಆ ತಾಯಿಗೆ ಮಗ ಕಾಣೆಯಾಗಿದ್ದಾನೆ ಎಂಬ ಕಾಗದ ಹೋಗಿತ್ತು. ಯುದ್ಧ ಮುಗಿದು ಇವರು ಸಮಾಧಾನ ಹೇಳಲು ಕಾರ್ಕಳಕ್ಕೆ ಹೋದಾಗ ಆಕೆ ಬಾಗಿಲು ತೆರೆದು ಇವರನ್ನು ನೋಡಲಿಲ್ಲವಂತೆ. ಇವರ ಬೆನ್ನ ಹಿಂದೆ ನೋಡಿದರಂತೆ, ಇನ್ನೊಬ್ಬ ಬರುತ್ತಿದ್ದಾನೆಯೋ ಎಂದು. ಅದನ್ನು ತಾಳಲಾರದೆ ಆ ಸುಳ್ಳು ಬಾಯಿಗೆ ಬಂತು. ಪಾಪನಿವೇದನೆಯಲ್ಲಿ ಪಾದ್ರಿಗಳಿಗೆ ಹೇಳಿಯಾಗಿತ್ತು. ದೇವರು ಕ್ಷಮಿಸುತ್ತಾನೆ, ಆದರೆ ಆ ತಾಯಿಗೆ ಸತ್ಯ ಹೇಳು ಎಂದಿದ್ದರು ಅವರು. ಆ ಕೆಲಸವೇ ಬಾಕಿ ಇದ್ದದ್ದು.

"ಈಗ ಹೇಳಿದರೆ ಮಗಳ ಮದುವೆ ನಿಲ್ತದೆ. ಹೇಳದಿದ್ದರೆ ಅವಳನ್ನು ಆ ಮನೆಗೆ ನನ್ನ ಸುಳ್ಳಿನ ಮೇಲೆ ಕಳಿಸಿದ ಹಾಗೆ. ನೀವು ಮಕ್ಕಳಿಗೆ ಸತ್ಯದ ಪಾಠ ಮಾಡುವುದು ನಾನು ಹೊರಗಿಂದ ಕೇಳಿದ್ದೇನೆ. ನೀವೇ ಹೇಳಿ."

ನಾನು ಒಂದು ಕ್ಷಣ ಯೋಚಿಸಿದ್ದರೆ ಇಂದು ಇದನ್ನು ಬರೆಯುವಾಗ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ನನಗೆ ಆಗ ಮೂವತ್ತೇಳು ವಯಸ್ಸು, ಲೋಕದಲ್ಲಿ ನನಗೆ ತಿಳಿಯದ್ದು ಎಂಬುದು ಇರಲಿಲ್ಲ. ಚಾ ಆರುವ ಮೊದಲೇ ತೀರ್ಪು ಕೊಟ್ಟೆ. "ಹೇಳಿಬಿಡಿ. ಸತ್ಯದಿಂದ ಯಾರಿಗೂ ಕೆಟ್ಟದಾಗುವುದಿಲ್ಲ. ಬೇಕಾದರೆ ನಾನೂ ಜೊತೆಗೆ ಬರುತ್ತೇನೆ."

ಮುಂದಿನ ಶನಿವಾರ ಹೋದೆವು. ಗದ್ದೆಯ ಅಂಚಿನಲ್ಲಿ ಸಣ್ಣ ಹೆಂಚಿನ ಮನೆ. ದೇವರ ಪೀಠದ ಕೆಳಗೆ ಸೈನ್ಯದ ಟೊಪ್ಪಿ ಹಾಕಿದ ಹುಡುಗನ ಭಾವಚಿತ್ರ, ಅದಕ್ಕೆ ಕಪ್ಪು ಪಟ್ಟಿ. ಅರುವತ್ತು ದಾಟಿದ ಆ ತಾಯಿ ಇವರನ್ನು "ಪುತಾ" ಎಂದು ಕರೆಯುತ್ತಿದ್ದರು, ಮಗನೇ ಎಂದು. ಇವರು ಅವರನ್ನು ಮಾಂಯ್ ಎನ್ನುತ್ತಿದ್ದರು, ಅಮ್ಮ ಎಂದು. ಮಾತು ಅವರ ಕೊಂಕಣಿಯಲ್ಲೇ ನಡೆಯಿತು, ನನಗೆ ಎಲ್ಲವೂ ಅರ್ಥವಾಯಿತು. ಇವರು ನಿಂತೇ ಹೇಳಿದರು, ಮೇಲಧಿಕಾರಿಗೆ ವರದಿ ಕೊಡುವವರ ಹಾಗೆ, ಕೈಗಳನ್ನು ಬದಿಗೆ ಇಟ್ಟುಕೊಂಡು. ಮಾಂಯ್ ಅಳಲಿಲ್ಲ, ಬೈಯಲಿಲ್ಲ. ಎಲ್ಲ ಮುಗಿದ ಮೇಲೆ ಕೇಳಿದರು.

"ನೀನು ಹೋಗುವಾಗ ಅವನು ಉಸಿರಾಡ್ತಾ ಇದ್ದನಾ?"

"ಹೌದು ಮಾಂಯ್."

"ಮಾತಾಡಿದನಾ?"

"ಬೇಗ ಬಾ ಅಂದ."

"ಹಾಗಾದರೆ ಅವನು ಸತ್ತದ್ದನ್ನು ನೀನು ನೋಡಲಿಲ್ಲ."

"ಇಲ್ಲ."

"ಮಣ್ಣು ಮಾಡಲೂ ಇಲ್ಲ."

"ಇಲ್ಲ ಮಾಂಯ್."

ಆಕೆಯ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅದು ಅರಳಿತು. ಎದ್ದು ಬಂದು ಇವರ ತಲೆಯ ಮೇಲೆ ಕೈ ಇಟ್ಟರು, ಊಟ ಮಾಡಿಕೊಂಡೇ ಹೋಗಬೇಕು ಎಂದರು, ಮದುವೆಯ ಸೀರೆಯ ಬಣ್ಣ ಕೇಳಿದರು. ಅದನ್ನು ನಾವಿಬ್ಬರೂ ಕ್ಷಮೆ ಎಂದು ತಿಳಿದೆವು. ಹಿಂದಿರುಗುವ ಬಸ್ಸಿನಲ್ಲಿ ಡ್ರಿಲ್ ಮಾಸ್ಟ್ರು ಕಿಟಕಿಯ ಕಡೆ ಮುಖ ಮಾಡಿ ಹಿರಿಯಡ್ಕದವರೆಗೆ ಅತ್ತರು. ಮತ್ತೆ ನನ್ನ ಕೈ ಹಿಡಿದು, "ನೀವು ಇಲ್ಲದಿದ್ದರೆ ನನ್ನಿಂದ ಆಗ್ತಿರಲಿಲ್ಲ ಪಂಡಿತರೆ" ಎಂದರು. ನಾನು ಉಬ್ಬಿಹೋದೆ.

ಮದುವೆಯ ದಿನ ಇಗರ್ಜಿಯಲ್ಲಿ ಅವರು ಎಲ್ಲರಿಗಿಂತ ಮುಂದೆ ಹೋಗಿ ಪ್ರಸಾದ ತೆಗೆದುಕೊಂಡರು. ಜನ ಕತ್ತು ಉದ್ದ ಮಾಡಿ ನೋಡಿದರು. ಬೇರೆ ಧರ್ಮದ ನಾನು ಹಿಂದಿನ ಬೆಂಚಿನಲ್ಲಿ ಕೂತು, ಇದು ನನ್ನಿಂದ ಆದದ್ದು ಎಂದು ಮನಸ್ಸಿನಲ್ಲೇ ಬೆನ್ನು ತಟ್ಟಿಕೊಳ್ಳುತ್ತಿದ್ದೆ. ಊಟದ ಹೊತ್ತಿಗೆ ಒಂದು ಸಂಗತಿ ಕಂಡೆ. ಮಾಂಯ್ ಒಂದು ಭಾವಚಿತ್ರ ಹಿಡಿದುಕೊಂಡು, ಬೊಂಬಾಯಿಯಿಂದ ಬಂದ ನೆಂಟರು, ಸೈನ್ಯದಲ್ಲಿದ್ದವರು, ಹಡಗಿನಲ್ಲಿ ಕೆಲಸ ಮಾಡುವವರು, ಎಲ್ಲರ ಹತ್ತಿರ ಹೋಗಿ ಏನೋ ಕೇಳುತ್ತಿದ್ದರು. ಚಿತ್ರದ ಕಪ್ಪು ಪಟ್ಟಿ ತೆಗೆದುಹಾಕಲಾಗಿತ್ತು.

ತಿಂಗಳು ಕಳೆದು ಸಿಸಿಲಿಯಾಳ ಕಾಗದ ಬಂತು. ಅವರು ಅದನ್ನು ತಂದು ನನ್ನ ಮೇಜಿನ ಮೇಲೆ ಇಟ್ಟು, ಓದುವವರೆಗೆ ನಿಂತರು. ಶಾಲೆಯಲ್ಲಿ ನಾನೇ ಕಲಿಸಿದ ದುಂಡು ಅಕ್ಷರ. ಮಾಂಯ್ ಪಾದ್ರಿಗಳ ಬಳಿಗೆ ಹೋಗಿ, ಬದುಕಿರುವವನಿಗೆ ಸತ್ತವರ ಪೂಜೆ ಬೇಡ ಎಂದು ವರ್ಷದ ಪೂಜೆ ನಿಲ್ಲಿಸಿದ್ದರು. ದಿನವೂ ಸಂಜೆಯ ಪ್ರಾರ್ಥನೆಯ ಕೊನೆಗೆ ಒಬ್ಬೊಬ್ಬರಿಗಾಗಿ ಬೇರೆ ಬೇರೆ ಬೇಡಿಕೆ ಇರುತ್ತದಲ್ಲ, ಅದರಲ್ಲಿ ಇಪ್ಪತ್ತು ವರ್ಷ ಸತ್ತವರ ಸಾಲಿನಲ್ಲಿದ್ದ ಮಗನ ಹೆಸರನ್ನು ಈಗ ಪ್ರಯಾಣದಲ್ಲಿರುವವರ ಸಾಲಿಗೆ ಸೇರಿಸಿದ್ದರು. ಊಟಕ್ಕೆ ಒಂದು ತಟ್ಟೆ ಹೆಚ್ಚು ಇಡಬೇಕು. ಮಂಗಳೂರಿನ ಬಸ್ಸು ಬರುವ ಹೊತ್ತಿಗೆ ಮಾಂಯ್ ರಸ್ತೆಗೆ ಹೋಗಿ ನಿಲ್ಲುತ್ತಾರೆ. "ನಿನ್ನ ಅಪ್ಪನೇ ಹೇಳಿದ್ದು, ಅವನು ಸಾಯಲಿಲ್ಲ ಅಂತ" ಎಂದು ದಿನಕ್ಕೆ ಹತ್ತು ಸಲ ಹೇಳುತ್ತಾರೆ. ಪಪ್ಪ, ನಾನು ಎಂತ ಉತ್ತರ ಕೊಡಬೇಕು ಎಂದು ಕಾಗದ ಮುಗಿದಿತ್ತು.

ನಾನು ಅದನ್ನು ಎರಡು ಸಲ ಓದಿದೆ. ಅವರು ಕಾಗದ ಮಡಚಿ ಕಿಸೆಗೆ ಹಾಕಿಕೊಂಡು ಮೈದಾನಕ್ಕೆ ಹೋದರು.

ಮರುವರ್ಷ ಅಳಿಯನಿಗೆ ಬೊಂಬಾಯಿಯ ಒಂದು ದೊಡ್ಡ ಮುದ್ರಣಾಲಯದಲ್ಲಿ ಕೆಲಸ ಸಿಕ್ಕಿತು. ತಾಯಿಯನ್ನೂ ಹೆಂಡತಿಯನ್ನೂ ಕರೆದುಕೊಂಡು ಹೋಗುವ ಯೋಚನೆ ಅವನದು. ಮಾಂಯ್ ಕೇಳಲಿಲ್ಲ. ದೊಡ್ಡವನು ಬಂದಾಗ ಮನೆಗೆ ಬೀಗ ಹಾಕಿದ್ದರೆ ಎಲ್ಲಿಗೆ ಹೋಗಬೇಕು ಎಂಬುದು ಅವರ ಪ್ರಶ್ನೆ. ಮುದುಕಿಯನ್ನು ಒಂಟಿಯಾಗಿ ಬಿಡುವ ಹಾಗಿಲ್ಲ. ಮಗ ಒಬ್ಬನೇ ಹೋದ, ಸಿಸಿಲಿಯಾ ಉಳಿದಳು. ವರ್ಷಕ್ಕೊಮ್ಮೆ ಹತ್ತು ದಿನ ಬರುವ ಗಂಡ, ದಿನವೂ ಬಾರದ ಭಾವ. ಈ ಇಬ್ಬರ ನಡುವೆ ಅವಳ ಇಪ್ಪತ್ತರ ಪ್ರಾಯ ಕಳೆಯಿತು. ಅವಳು ದೂರಲಿಲ್ಲ. ಅಪ್ಪನೆದುರು ನಗುನಗುತ್ತಲೇ ಇರುತ್ತಿದ್ದಳಂತೆ. ತಿಂಗಳಿಗೊಮ್ಮೆ ಹೋಗಿಬರುವ ಅಪ್ಪನಿಗೆ ಆ ನಗುವೇ ಸಾಕಾಗಿತ್ತು.

"ತಟ್ಟೆಗೆ ಅನ್ನ ಬಡಿಸುವುದು ಅವಳು" ಎಂದು ಒಮ್ಮೆ ಹೇಳಿದರು. "ಆಮೇಲೆ ಅದನ್ನು ತೆಗೆದು ಇಡುವುದೂ ಅವಳೇ. ನಾನು ನೋಡ್ತಾ ಕೂತುಕೊಳ್ಳಬೇಕು. ಮೊದಲು ನಾನೊಬ್ಬನೇ ಹೊತ್ತದ್ದು ಪಂಡಿತರೆ. ಈಗ ಅವಳ ತಲೆಯ ಮೇಲೆ ಇಟ್ಟು ಬಂದೆ."

ನನ್ನನ್ನು ದೂರಿ ಒಂದು ಮಾತು ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ನಾನು ಅವರ ಕಣ್ಣು ತಪ್ಪಿಸಲು ಶುರುಮಾಡಿದೆ. ತರಗತಿಯಲ್ಲಿ ಸತ್ಯದ ಪಾಠ ಬಂದಾಗ ಕಿಟಕಿ ಮುಚ್ಚಿಸುತ್ತಿದ್ದೆ, ಗಾಳಿ ಎಂದು ಮಕ್ಕಳಿಗೆ ನೆಪ ಹೇಳಿ.

ಅರುವತ್ತರ ದಶಕದ ಕೊನೆಗೆ ಅವರಿಗೆ ಹೊಟ್ಟೆಯಲ್ಲಿ ಗಡ್ಡೆಯಾಯಿತು. ಮಣಿಪಾಲದ ಗುಡ್ಡದ ಮೇಲೆ ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಮೀರಿಹೋಗಿತ್ತು. ಸಿಸಿಲಿಯಾ ಬಂದು ಹತ್ತಿರ ಉಳಿದಳು. ನಾನು ಶಾಲೆ ಬಿಟ್ಟ ಮೇಲೆ ಬಸ್ಸು ಹಿಡಿದು ಹೋಗುತ್ತಿದ್ದೆ. ಒಂದು ಶನಿವಾರ ಮಧ್ಯಾಹ್ನ ಹೋದಾಗ ಅವರು ಬಹಳ ಸೋತಿದ್ದರು. ಬೆಳಿಗ್ಗೆಯೇ ಪಾದ್ರಿಗಳು ಬಂದು ಪಾಪನಿವೇದನೆ ಕೇಳಿ, ಹಣೆಗೆ ಎಣ್ಣೆ ಹಚ್ಚಿ, ಸಾಯುವವರಿಗೆ ಕೊಡುವ ಕೊನೆಯ ಸಂಸ್ಕಾರ ಕೊಟ್ಟು ಹೋಗಿದ್ದರು. "ಈಗ ಎಲ್ಲ ಚೊಕ್ಕ ಉಂಟು ಪಂಡಿತರೆ. ಒಂದು ಕಲೆ ಇಲ್ಲ" ಎಂದು ಗಂಜಿ ಹಾಕಿದ ಬಟ್ಟೆಯ ಬಗ್ಗೆ ಹೇಳುವವರ ಹಾಗೆ ಹೇಳಿದರು. ಇನ್ನು ಒಂದು ಸಣ್ಣ ಪಾಪವೂ ಮಾಡದೆ ಕಣ್ಣು ಮುಚ್ಚಿದರೆ ಸಾಕು ಎಂಬ ಆಸೆ ಅವರದು.

ಆಗ ಮಾಂಯ್ ಬಂದರು. ಕಾರ್ಕಳದಿಂದ ಒಬ್ಬರೇ ಬಸ್ಸಿನಲ್ಲಿ ಬಂದಿದ್ದರು. ಸಿಸಿಲಿಯಾ ಕುಳ್ಳಿರಿಸಿದಳು. ಆಕೆ ಇವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಮತ್ತೆ ಬಗ್ಗಿ ಮೆಲ್ಲಗೆ ಹೇಳಿದರು.

"ಪುತಾ, ನೀನು ಅಲ್ಲಿಗೆ ಹೋದ ಮೇಲೆ ನನಗೊಂದು ಉಪಕಾರ ಮಾಡು. ಅವನು ಅಲ್ಲಿ ಇದ್ದಾನಾ ಅಂತ ಹುಡುಕು. ಇದ್ದರೆ ಇವಳ ಕನಸಿಗೆ ಬಂದು ಹೇಳು. ಇಲ್ಲದಿದ್ದರೂ ಬಂದು ಹೇಳು. ನಾನು ಕಾಯ್ತೇನೆ. ಇವಳೂ ನನ್ನ ಜೊತೆ ಇರ್ತಾಳೆ."

ಸಿಸಿಲಿಯಾ ನೆಲ ನೋಡುತ್ತಾ ನಿಂತಿದ್ದಳು. ಡ್ರಿಲ್ ಮಾಸ್ಟ್ರು ಮಗಳ ಮುಖವನ್ನು ನೋಡಿದರು. ಎಷ್ಟು ಹೊತ್ತು ನೋಡಿದರೆಂದು ಹೇಳಲಾರೆ. ಮತ್ತೆ ಮಾಂಯ್ ಕಡೆ ತಿರುಗಿದರು.

"ಹುಡುಕಬೇಕಾಗಿಲ್ಲ ಮಾಂಯ್. ಅವನು ನಿನ್ನೆ ಬಂದಿದ್ದ."

"ಎಲ್ಲಿಗೆ?"

"ಇಲ್ಲಿಗೇ. ಆ ಕಿಟಕಿಯ ಹತ್ತಿರ ನಿಂತಿದ್ದ. ಟೊಪ್ಪಿ ಹಾಕಿಕೊಂಡಿದ್ದ. ಅದೇ ದಿನ ಸತ್ತೆ ಅಂದ. ನಾನು ತೊರೆಗೆ ಇಳಿಯುವ ಮೊದಲೇ ಜೀವ ಹೋಗಿತ್ತಂತೆ. ಕಾಯಬೇಡ ಅಂತ ಮಾಂಯ್‌ಗೆ ಹೇಳು ಅಂದ."

ಆಕೆ ಬಹಳ ಹೊತ್ತು ಇವರ ಮುಖವನ್ನೇ ನೋಡಿದರು. ಇವರು ಕಣ್ಣು ಕದಲಿಸಲಿಲ್ಲ.

"ಅವನಿಗೆ ಬಾಯಾರಿಕೆ ಉಂಟಾ?"

"ಇಲ್ಲ ಅಂದ ಮಾಂಯ್."

ಆಗ ಆಕೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಪಕ್ಕದ ಮಂಚದವರು ಎದ್ದು ಕೂತು ನೋಡುವಷ್ಟು ಅತ್ತರು. ಸಿಸಿಲಿಯಾ ಅವರನ್ನು ಮೆಲ್ಲಗೆ ಎಬ್ಬಿಸಿ ಹೊರಗೆ ಕರೆದುಕೊಂಡು ಹೋದಳು.

ಡ್ರಿಲ್ ಮಾಸ್ಟ್ರು ಮರುದಿನ ಬೆಳಿಗ್ಗೆ ತೀರಿಕೊಂಡರು. ಮಾಂಯ್ ಮಗನ ಹೆಸರನ್ನು ಪುನಃ ಸತ್ತವರ ಸಾಲಿಗೆ ಸೇರಿಸಿ, ಪಕ್ಕದಲ್ಲಿ ಇವರ ಹೆಸರನ್ನೂ ಸೇರಿಸಿದರು. ಆ ವರ್ಷವೇ ಮನೆಗೆ ಬೀಗ ಹಾಕಿ, ಅತ್ತೆಯೂ ಸೊಸೆಯೂ ಬೊಂಬಾಯಿಗೆ ಹೋದರು. ಸಿಸಿಲಿಯಾಳಿಗೆ ಅಲ್ಲಿ ಇಬ್ಬರು ಮಕ್ಕಳಾದರು. ಇದೆಲ್ಲ ಆಮೇಲಿನ ಮಾತು.

ಆ ಮಧ್ಯಾಹ್ನ ಅವರಿಬ್ಬರೂ ಹೊರಗೆ ಹೋದ ಮೇಲೆ ಕೋಣೆಯಲ್ಲಿ ನಾನೊಬ್ಬನೇ ಅವರ ಹತ್ತಿರ ಇದ್ದೆ. ನಿಜವಾಗಿ ಬಂದಿದ್ದನೇ ಎಂದು ಕೇಳಿದೆ. ಅವರು ಕಣ್ಣು ಮುಚ್ಚಿಕೊಂಡರು. ಹಣೆಯ ಮೇಲೆ ಎಣ್ಣೆ ಇನ್ನೂ ಆರಿರಲಿಲ್ಲ. ನನಗೆ ಭಯವಾಯಿತು. ಆ ಒಂದು ಸುಳ್ಳಿಗೆ ಅವರ ನಂಬಿಕೆಯ ಪ್ರಕಾರ ಅವರು ಏನನ್ನು ಕೈಬಿಟ್ಟರು ಎಂಬುದು ನನಗೂ ಗೊತ್ತಿತ್ತು. ಪಾದ್ರಿಗಳು ಪುನಃ ಬಂದು ಕೆಳಗಿನ ಅಂತಸ್ತಿನಲ್ಲಿ ಇನ್ನೊಬ್ಬ ರೋಗಿಯ ಬಳಿ ಇರುವುದನ್ನು ನಾನು ಬರುವಾಗ ನೋಡಿದ್ದೆ. ಬೇಗ ಹೋಗಿ ಕರೆದುಕೊಂಡು ಬರಲೇ ಎಂದು ಕೇಳಿದೆ.

"ಬೇಡ ಪಂಡಿತರೆ" ಎಂದರು. "ಅವರು ಒಳ್ಳೆಯವರು. ಆವತ್ತು ಚಾ ಕುಡಿಯುವಾಗ ನೀವು ಹೇಳಿದ್ದನ್ನೇ ಹೇಳ್ತಾರೆ."